ನಿನ್ನ ಹೊಂಡದ ಕೆಳಗಿನ ಹೊಲ

ಸುಲೇಪೇಟ
೧೯ ಸೆಪ್ಟೆಂಬರ್ ೨೦೨೪

ಸೂಗಮ್ಮಾ,

ಫೋನ್ ಮಾಡಿದರೆ ಕಟ್ ಮಾಡುತ್ತೀ. ಸೇಡಂನಲ್ಲಿ ಮಗಳ ಮನೆ ಸೇರಿ ಕೂತಿದ್ದೀ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು.

ನಮ್ಮ ಅತ್ತೆ ಆಶಾಬಿಯ ಕಾಲು ಮುರಿದಿದೆ. ಸೋಮವಾರ ಮುಂಜಾನೆ ನಮ್ಮ ಹೊಲದ ಕೊಟ್ಟಿಗೆಯ ಗೋಡೆ ಅವರ ಮೇಲೆ ಬಿತ್ತು. ಗೋಡೆಯ ಕೆಳಗಿನ ನೆಲವೇ ಸರಿದಿತ್ತು. ಎರಡು ಮಳೆಗಾಲದಿಂದ ಸರಿಯುತ್ತಲೇ ಇತ್ತು, ನಿನಗೂ ಗೊತ್ತಿತ್ತು.

ದಿಬ್ಬದ ಮೇಲಿನ ನಿನ್ನ ಹೊಲದಲ್ಲಿ ಕೃಷಿ ಹೊಂಡ ತೋಡಿಸಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಮೊದಲ ನೀರು ನಿಂತ ದಿನ ಶಿರಾ ಮಾಡಿ ತಂದಿದ್ದೆ. ಹೊಂಡದ ಪ್ಲಾಸ್ಟಿಕ್ ಹಾಳೆ ಹರಿದಾಗ ಮುಂದಿನ ವರ್ಷ ನೋಡೋಣ ಅಂದೆ ನೀನು. ಕೆಳಗೆ ಇಳಿಜಾರಿನಲ್ಲಿ ನನ್ನ ತೊಗರಿ ಸಾಲುಗಳು ವಾಲಿದವು. ನಮ್ಮಿಬ್ಬರ ಹೊಲಗಳ ನಡುವಿನ ಒಡ್ಡು ನನ್ನ ಕಡೆ ಜಾರಿ ಬಂತು. ನಿನ್ನ ಕೈಹಿಡಿದು ಕರೆದೊಯ್ದು ನೆಲದ ಬಿರುಕು ತೋರಿಸಿದೆ. "ಏ ಹುಚ್ಚಿ, ಎರಿ ಹೊಲದಾಗ ಬಿರುಕು ಬೀಳೋದು ಹೊಸದೇನ?" ಅಂತ ನೀನು ನಕ್ಕೆ. ಕಪ್ಪು ಎರೆಮಣ್ಣಿಗೆ ಬೇಸಿಗೆಯಲ್ಲಿ ಬೀಳುವ ಬಿರುಕು ಬೇರೆ. ಮಳೆಯಲ್ಲಿ ಬಾಯಿಬಿಟ್ಟು, ಕೆಳಗಿನ ಅಂಚು ಮೊಣಕಾಲುದ್ದ ಇಳಿದ ಬಿರುಕು ಬೇರೆ. ಹುಟ್ಟಿದಾಗಿನಿಂದ ಮಣ್ಣಿನಲ್ಲಿರುವ ನಿನಗೆ ಅಷ್ಟೂ ತಿಳಿಯದೇ?

ಕೃಷಿ ಇಲಾಖೆಯ ಅರುಣಕುಮಾರ ಸಾಹೇಬರು ಬಂದು ನೋಡಿ ನಿನ್ನೆದುರೇ ಹೇಳಿದರು: "ಹೊಂಡದ ನೀರು ಒಳಗಿಂದ ಇಳಿದು ಮಣ್ಣು ಜಾರಾಕತ್ತದ. ಹೊಂಡ ಖಾಲಿ ಮಾಡ್ರಿ, ಹೊಸ ಹಾಳಿ ಹಾಕ್ರಿ. ಮಳಿ ನೀರು ಹಳ್ಳಕ್ಕ ಹೋಗೋಹಂಗ ಕಾಲುವಿ ಹೊಡೀರಿ." ಕಾಲುವೆಗೆ ನನ್ನ ಹೊಲದ ಅಂಚು ಬಿಟ್ಟುಕೊಡುತ್ತೇನೆ ಅಂದೆ ನಾನು. ನೀನು ತಲೆಯಾಡಿಸಿದೆ. ಅವರ ಗಾಡಿ ಮರೆಯಾದದ್ದೇ ತಡ, ಮಂದಿ ಮುಂದೆ ನೀನು ಏನಂದೆ? "ಜಬೀನಾಗ ನನ್ನ ಟೊಮ್ಯಾಟೊ ನೋಡಿ ಹೊಟ್ಟಿ ಉರ್ಯಾಕತ್ತದ!" ನಾನು, ನಿನ್ನ ಬಾಣಂತನಕ್ಕೆ ನೀರು ಕಾಯಿಸಿದವಳು!

ಅತ್ತೆಯನ್ನು ಕಲಬುರಗಿ ಆಸ್ಪತ್ರೆಗೆ ಸೇರಿಸಿ ಮರುದಿನವೇ ಬಂದೆ. ನಿನ್ನ ಹೊಂಡದ ದಂಡೆ ಕಡಿದೆ. ಹಳ್ಳದ ಕಡೆಗೆ, ಸ್ವಲ್ಪ ಸ್ವಲ್ಪವೇ, ಯಾರ ಹೊಲಕ್ಕೂ ನೀರು ನುಗ್ಗದ ಹಾಗೆ. ಪೂರ್ತಿ ಬರಿದಾಗುವ ತನಕ ಕೆಸರಿನಲ್ಲಿ ನಿಂತಿದ್ದೆ. ಮಳೆ ನಿಂತ ಮೇಲೆ ನಿನ್ನ ಟೊಮ್ಯಾಟೊಗೆ ನೀರಿಲ್ಲ. ಇರದಿರಲಿ. ಪೊಲೀಸರಿಗೆ ಹೇಳುತ್ತೀಯಾ? ಹೇಳು. ನಾನೇ ಕಡಿದೆ ಅಂತ ಠಾಣೆಯಲ್ಲಿ ನಿಂತು ಹೇಳುತ್ತೇನೆ.

ಕೊಟ್ಟಿಗೆಯ ಸುತ್ತಲಿನ ತೊಗರಿ ಹೋಯಿತು. ಉಳಿದ ಕಡೆ ಬಿರುಕುಗಳಿಗೆ ಮಣ್ಣು ತುಂಬಿ ತುಳಿಯುತ್ತಿದ್ದೇನೆ. ನೆಲ ಇನ್ನೂ ಸರಿಯುತ್ತದೋ ನಿಲ್ಲುತ್ತದೋ ಈ ಮಳೆ ಮುಗಿಯುವ ತನಕ ಯಾರೂ ಹೇಳಲಾರರು.

ನಿನ್ನೆ ಆಸ್ಪತ್ರೆಗೆ ಹೋದಾಗ ಅತ್ತೆ ಹಾಸಿಗೆಯಲ್ಲೇ ಕೇಳಿದರು, "ಸೂಗಿ ಬರಲಿಲ್ಲೇನ?" ಏನು ಹೇಳಬೇಕಿತ್ತು, ನೀನೇ ಹೇಳು.

ಜಬೀನಾ

ತಾ.ಕ.: ಠಾಣೆಯಲ್ಲಿ ಹೇಳುವುದು ಬೇರೆ, ನಿನಗೆ ಹೇಳುವುದು ಬೇರೆ. ನಾನು ಗುದ್ದಲಿ ಹಿಡಿದು ಹೋದಾಗ ನಿನ್ನ ಗಂಡ ಸಿದ್ಧಲಿಂಗಣ್ಣ ದಂಡೆಯನ್ನು ಆಗಲೇ ಅರ್ಧ ಕಡಿದಿದ್ದ. "ಆಕೀಗಿ ಹೇಳಬ್ಯಾಡವ್ವ, ನಾನೇ ಹೇಳ್ತೀನಿ" ಅಂದ. ಇನ್ನೂ ಹೇಳಿಲ್ಲ, ಅಲ್ಲವೇ?