ನೀವು ಬಹುಮಾನ ಕೊಟ್ಟ ಎದೆಬಡಿತ ನನ್ನದು

ಉದ್ಯೋಗಿ ನೆಮ್ಮದಿ ವಿಭಾಗದ ಮುಖ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದು ಶುರುಮಾಡುವುದು ವಾಡಿಕೆ. ಆ ಪದವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ನಿಮ್ಮ ಉತ್ತರ ನೋಡಿಕೊಂಡು ಬಿಡುಗಡೆ ಮಾಡೋಣ. ನನ್ನ ದೂರು ಇಷ್ಟು. ಯಾರೂ ನೋಡುವುದಿಲ್ಲ ಎಂದು ಮಾತು ಕೊಟ್ಟು ನೀವು ಒಂದು ಎದೆಬಡಿತವನ್ನು ಕದ್ದು ನೋಡಿದ್ದೀರಿ. ನಿಮ್ಮ ಕಂಪನಿಯಲ್ಲಿ ತಂತ್ರಾಂಶ ಬರೆಯುವ ನನ್ನ ಮಗಳದ್ದು ಎಂದುಕೊಂಡು ನೋಡಿದಿರಿ. ಅದು ನನ್ನದು. ಈಗ ಅದು ನನಗೇ ಬೇಕಾಗಿದೆ, ಕೊಡುವುದಿಲ್ಲ ಅನ್ನುತ್ತಿದ್ದೀರಿ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತನಾದವನು. ಅಂಗಡಿಯವರ ತಕ್ಕಡಿ ಮಗುಚಿ, ತಟ್ಟೆಯ ಅಡಿಯಲ್ಲಿ ಅಯಸ್ಕಾಂತ ಅಂಟಿಸಿದ್ದಾರೆಯೇ ಎಂದು ನೋಡಿ ನೋಡಿ, ಯಾರಾದರೂ ಪುಕ್ಕಟೆ ಏನಾದರೂ ಕೊಟ್ಟರೆ ಮೊದಲು ಅದರ ತಳ ನೋಡುವ ಚಟ ಅಂಟಿಕೊಂಡಿದೆ. “ದೇವರು ಪ್ರತ್ಯಕ್ಷ ಆದ್ರೂ ನೀವು ಗುರುತಿನ ಚೀಟಿ ಕೇಳ್ತೀರಿ ಕಣ್ರೀ” ಎಂದು ನನ್ನಾಕೆ ಇದ್ದಾಗ ಹಂಗಿಸುತ್ತಿದ್ದಳು. ಕೇಳುತ್ತಿದ್ದೆ, ಸುಳ್ಳಲ್ಲ. ಹಾಗಾಗಿ ನಿಮ್ಮ ಆಫೀಸಿನಲ್ಲಿ ಹಣ್ಣಿನ ಬುಟ್ಟಿ ಇಟ್ಟರು, ಕಣ್ಣು ಮುಚ್ಚಿ ಕೂರಲು ದಿಂಬಿನ ಕೋಣೆ ಮಾಡಿದರು ಎಂದು ಮಗಳು ಹೇಳಿದಾಗಲೇ ನನಗೆ ಅನುಮಾನ. ದಿಂಬಿನ ಕೋಣೆಗೆ ಹೋಗಲು ಅವಳಿಗೆ ಪುರುಸೊತ್ತು ಎಲ್ಲಿಂದ ಬರಬೇಕು ಎಂಬ ಬಗ್ಗೆ ಆ ಕೋಣೆಯ ಬಾಗಿಲ ಮೇಲೆ ಏನಾದರೂ ಬರೆದಿದ್ದೀರಾ?

ಆಮೇಲೆ ಆ ಪಟ್ಟಿ ಬಂತು. ಗಡಿಯಾರದಂತೆ ಕೈಗೆ ಕಟ್ಟುವುದು, ಗಡಿಯಾರವಲ್ಲ. ಎದೆಬಡಿತ ಏರಿದರೆ ಗುರ್ ಎಂದು ನಡುಗಿ, “ನಿಧಾನವಾಗಿ ಉಸಿರಾಡಿ” ಎಂದು ಅಕ್ಷರ ಮೂಡಿಸುತ್ತದೆ. ಬಿಚ್ಚಿಟ್ಟರೆ ಮೇಲಿನವರಿಗೆ ಸುದ್ದಿ ಹೋಗುತ್ತದೆ. ನನ್ನ ಮಗಳದ್ದು ಬಸ್ ಟಿಕೆಟ್ ಕಾಯ್ದಿರಿಸುವ ತಂತ್ರಾಂಶ ನೋಡಿಕೊಳ್ಳುವ ಕೆಲಸ. ಅದು ಕೆಟ್ಟು ನಿಂತಾಗ ಊರವರೆಲ್ಲ ಬೈಯುವುದು ಇವಳ ಕಿವಿಗೇ ಬಂದು ಬೀಳುತ್ತದೆ. ಅಂಥ ಹೊತ್ತಿನಲ್ಲಿ ಕೈಯಲ್ಲೊಂದು ಜೀರುಂಡೆ ಗುರುಗುಟ್ಟಿ ಉಸಿರಾಡು ಎಂದು ಬುದ್ಧಿ ಹೇಳಿದರೆ, ಇರುವ ಉಸಿರೂ ನಿಲ್ಲಬೇಕು. ಜ್ವರ ಬಂದವರಿಗೆ ಥರ್ಮಾಮೀಟರ್ ನುಂಗಿಸಿದರೆ ಜ್ವರ ಇಳಿಯುತ್ತದೆಯೇ, ಸ್ವಾಮಿ?

“ಅಪ್ಪಾ, ಇದನ್ನ ಕಟ್ಕೊಂಡ್ರೆ ಕೈಗೆ ಬೇಡಿ ಹಾಕಿದ ಹಾಗಾಗುತ್ತೆ. ಬಿಚ್ಚಿದ್ರೆ ಯಾಕೆ ಬಿಚ್ಚಿದೆ ಅಂತ ಕೇಳ್ತಾರೆ” ಎಂದಳು ಒಂದು ದಿನ.

“ಕೊಡಿಲ್ಲಿ, ನಾನು ಕಟ್ಕೊಳ್ತೀನಿ. ನನಗೇನು ಕೆಲಸ?” ಎಂದೆ.

“ಹುಚ್ಚಾ ನಿಂಗೆ?”

“ಹುಚ್ಚೇ. ಆದ್ರೆ ಶಾಂತವಾದ ಹುಚ್ಚು.”

ಅವಳು ಉದ್ದ ತೋಳಿನ ಅಂಗಿ ತೊಟ್ಟು ಆಫೀಸಿಗೆ ಹೋದಳು. ನಾನು ಪಟ್ಟಿ ತೊಟ್ಟು ಪೇಪರ್ ಓದಿದೆ, ಕುಂಡಗಳಿಗೆ ನೀರು ಹಾಕಿದೆ, ಮಧ್ಯಾಹ್ನ ಗೊರಕೆ ಹೊಡೆದೆ. ಇದು ಮೋಸ. ಒಪ್ಪುತ್ತೇನೆ, ತಕ್ಕಡಿ ತಟ್ಟೆಗೆ ಹೆಬ್ಬೆಟ್ಟು ಒತ್ತುವವರನ್ನು ಹಿಡಿಯುತ್ತಿದ್ದವನು ಮನೆಯಲ್ಲೇ ಕೂತು ಹೆಬ್ಬೆಟ್ಟು ಒತ್ತಿದೆ. ಆದರೆ ನೀವು ಹಂಚಿದ ಕಾಗದದಲ್ಲಿ ‘ಈ ಅಂಕಿಗಳು ನಿಮಗಾಗಿ ಮಾತ್ರ, ಸಂಸ್ಥೆ ಇವನ್ನು ನೋಡುವುದಿಲ್ಲ’ ಎಂದಿತ್ತಲ್ಲ? ಯಾರೂ ನೋಡದ ತಕ್ಕಡಿಯಲ್ಲಿ ಯಾರು ಕೂತರೆ ಯಾರಿಗೆ ನಷ್ಟ? ಬೆನಿಫಿಟ್ ಆಫ್ ಡೌಟ್ ಎಂದೊಂದು ಮಾತು ಕಾಲೇಜಿನಲ್ಲಿ ಕಲಿತ ನೆನಪು. ನಮ್ಮ ವ್ಯವಹಾರದಲ್ಲಿ ಡೌಟು ನನ್ನದು, ಬೆನಿಫಿಟ್ಟು ನಿಮ್ಮದಾಯಿತು.

ಹೇಗೆಂದರೆ, ಟಿಕೆಟ್ ವ್ಯವಸ್ಥೆ ಪೂರ್ತಿ ಕುಸಿದುಬಿದ್ದ ಒಂದು ವಾರ ಬಂತು. ಮಗಳು ಆಫೀಸಿನ ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳಂತೆ, ಸದ್ದು ಹೊರಗೆ ಕೇಳಬಾರದೆಂದು. ಊಟದ ಡಬ್ಬಿ ಹೋದ ಹಾಗೇ ವಾಪಸು ಬರುತ್ತಿತ್ತು. ಆ ವಾರದ ಕೊನೆಗೆ ನೀವು ಎಲ್ಲರ ಎದುರು ಅವಳನ್ನು ಕರೆದು ‘ಅತ್ಯಂತ ಶಾಂತ ಮನಸ್ಸು’ ಎಂದು ಹೊಗಳಿ, ಕುಂಡದಲ್ಲೊಂದು ಗಿಡ ಬಹುಮಾನ ಕೊಟ್ಟಿರಿ. ಇಷ್ಟು ನೆಮ್ಮದಿಯ ಹುಡುಗಿಗೆ ಇನ್ನಷ್ಟು ಹೊರುವ ಶಕ್ತಿ ಇದೆ ಎಂದು, ಕಂಪನಿ ಬಿಟ್ಟುಹೋದ ಇಬ್ಬರ ಕೆಲಸವನ್ನೂ ತಲೆಗೆ ಕಟ್ಟಿದಿರಿ. ಅಂಕಿ ನೋಡುವುದಿಲ್ಲ ಎಂದವರಿಗೆ ಶಾಂತಿ ಎಲ್ಲಿ ಕಂಡಿತು? ಅವಳ ಮುಖದಲ್ಲಂತೂ ಅಲ್ಲ. ಕಣ್ಣು ಊದಿಸಿಕೊಂಡು ನಿಮ್ಮೆದುರೇ ನಿಂತಿದ್ದಳು; ಚಪ್ಪಾಳೆ ತಟ್ಟುತ್ತಿದ್ದ ನಿಮಗೆ ಪರದೆಯಿಂದ ತಲೆ ಎತ್ತಲು ಏನಾಗಿತ್ತು?

ಆ ಗಿಡ ಮನೆಗೆ ಬಂದಾಗ ನಾನು ಕುಂಡ ಎತ್ತಿ ತಳ ನೋಡಿದೆ. ಮಗಳಿಗೆ ನಗುವೂ ಬಂತು, ಅಳುವೂ ಬಂತು.

ಇನ್ನು ಎರಡನೆಯ ಸಾಕ್ಷಿ. ಒಂದು ಮಧ್ಯಾಹ್ನ ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ನೀರಿನ ಕ್ಯಾನು ಹೊತ್ತು ಮೆಟ್ಟಿಲು ಹತ್ತುವಾಗ ಎದೆಯ ಮೇಲೆ ಯಾರೋ ಮಂಡಿ ಊರಿದ ಹಾಗಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಪಟ್ಟಿ ಗುರ್ ಅಂದಿತು. ಉಸಿರಾಡಿ ಅಂದಿತು. ಅದನ್ನೇ ಮಾಡಲು ಒದ್ದಾಡುತ್ತಿದ್ದೆ. ಆಮೇಲೆ ತಾನಾಗಿ ಸರಿಹೋಯಿತು. ಮಗಳಿಗೆ ಹೇಳಲಿಲ್ಲ, ಅವಳ ತಲೆಯ ಮೇಲೆ ಇರುವ ಹೊರೆಯೇ ಸಾಕೆಂದು. ಮರುದಿನ ಆಫೀಸಿನಲ್ಲಿ ನೀವು ಅವಳನ್ನು ಒಳಗೆ ಕರೆದು, ನಿನ್ನೆ ಮಧ್ಯಾಹ್ನ ಏಕೆ ಅಷ್ಟು ಉದ್ವೇಗ, ಜವಾಬ್ದಾರಿ ಹೆಚ್ಚಾಯಿತೇ, ಬೇರೆಯವರಿಗೆ ಕೊಡೋಣವೇ ಎಂದು ವಿಚಾರಿಸಿದಿರಿ. ನೀವು ಹೇಳಿದ ಆ ಹೊತ್ತಿನಲ್ಲಿ ಅವಳು ಸಹೋದ್ಯೋಗಿಯ ಹುಟ್ಟುಹಬ್ಬದ ಕೇಕು ತಿನ್ನುತ್ತಿದ್ದಳು. ನಿಮ್ಮೆದುರಿನ ಕುರ್ಚಿಯಿಂದ ಎದ್ದವಳು ನೇರ ಮನೆಗೆ ಓಡಿಬಂದಳು.

“ಅಪ್ಪಾ, ನಿನ್ನೆ ಮಧ್ಯಾಹ್ನ ಏನ್ ಮಾಡ್ತಿದ್ದೆ?”

“ಪೇಪರ್ ಓದ್ತಿದ್ದೆ.”

“ಪೇಪರ್ ಓದಿದ್ರೆ ಎದೆ ಹಾಗೆ ಹೊಡ್ಕೊಳ್ಳುತ್ತಾ?”

“ಈಗಿನ ಸುದ್ದಿಗಳು ಹಾಗೇ ಇರ್ತವೆ, ಮರೀ.”

ಅವಳು ನಗಲಿಲ್ಲ. “ಅಮ್ಮನೂ ಹೀಗೇ ತಮಾಷೆ ಮಾಡ್ತಿದ್ಲು. ಗ್ಯಾಸ್ ಕಣೇ, ಗ್ಯಾಸ್ ಅಂತಿದ್ಲು. ಕೊನೇ ದಿನಾನೂ ಅದನ್ನೇ ಅಂದ್ಲು.”

ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಹೊರಟೆ.

ಡಾಕ್ಟರಮ್ಮ ತಂತಿಗಳನ್ನೆಲ್ಲ ಹಚ್ಚಿ ನೋಡಿದರು. “ಇಲ್ಲಿ ಬಂದ ಮೇಲೆ ನಿಮ್ಮ ಹೃದಯ ಸಾಧು ಆಗ್ಬಿಟ್ಟಿದೆ ರೀ. ಆವತ್ತು ಅದು ಹೇಗೆ ಓಡ್ತು ಅಂತ ಗೊತ್ತಾದ್ರೆ ಔಷಧಿ ಕೊಡೋಕೆ ದಾರಿ ಸಿಗುತ್ತೆ. ಆ ಪಟ್ಟಿಯ ದಾಖಲೆ ತರಿಸ್ಕೊಳ್ಳಿ” ಎಂದರು. ಮಗಳು ನಿಮ್ಮ ಬಳಿ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕೈಮುಗಿದು ಕೇಳಿದಳು. ಆ ದಾಖಲೆ ಗೌಪ್ಯ, ಹೊರಗಿನವರಿಗೆ ಕೊಡಲಾಗದು ಎಂದಿರಿ. ಜೊತೆಗೆ, ಸಂಸ್ಥೆಗೆ ವಂಚಿಸಿದ್ದಕ್ಕಾಗಿ ಕೆಲಸದಿಂದ ಏಕೆ ತೆಗೆಯಬಾರದು ಎಂದು ಅವಳಿಗೆ ನೋಟೀಸು.

ಅಬ್ಬಾ, ಗೌಪ್ಯ! ನನ್ನ ಎದೆಯ ವಿಷಯದಲ್ಲಿ ನಾನೇ ಹೊರಗಿನವನು. ‘ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್’ ಎಂದು ನಿಲ್ಲಿಸಿ ನಮ್ಮ ಇಂಗ್ಲಿಷ್ ಮೇಷ್ಟ್ರು ಮುಂದಿನ ಪದ ಕೇಳುತ್ತಿದ್ದರು. ನಾನು ‘ಕಂಪ್ಲೇಂಟ್’ ಅಂದೆ, ಕ್ಲಾಸಿನಿಂದ ಹೊರಗೆ ಕಳಿಸಿದರು. ಸರಿಯುತ್ತರ ಯಾವುದೋ ಈಗ ಮರೆತಿದೆ. ನೀವೂ ಮರೆತ ಹಾಗಿದೆ.

ಈ ಪತ್ರವನ್ನು ಪತ್ರಿಕೆಗೂ ಕಳಿಸಲೇ ಎಂದು ಮಗಳನ್ನು ಕೇಳಿದೆ. “ಕಳಿಸಪ್ಪ. ಇಷ್ಟು ದಿನ ಸಮಾಧಾನವಾಗಿರೋ ನಾಟಕ ಆಡಿ ಸಾಕಾಗಿದೆ” ಎಂದಳು.

ಆದ್ದರಿಂದ ಕೇಳುತ್ತಿದ್ದೇನೆ. ಆ ನೋಟೀಸು ಹಿಂದಕ್ಕೆ ಪಡೆಯಿರಿ. ವಂಚನೆ ಮೊದಲು ಮಾಡಿದ್ದು ನಿಮ್ಮ ಕಾಗದ. ಬಿಟ್ಟುಹೋದ ಇಬ್ಬರ ಜಾಗಕ್ಕೆ ಇಬ್ಬರನ್ನು ತನ್ನಿ. ಒತ್ತಡ ಇಳಿಸುವ ಯಂತ್ರ ಅದೇ. ಮತ್ತು ಆ ಮಧ್ಯಾಹ್ನದ ನನ್ನ ಎದೆಬಡಿತವನ್ನು ಡಾಕ್ಟರಮ್ಮನಿಗೆ ತಲುಪಿಸಿ, ಇನ್ನೊಂದು ಅಂಥ ಮಧ್ಯಾಹ್ನ ಬರುವ ಮೊದಲು. ಪಟ್ಟಿಯನ್ನು ಸದ್ಯಕ್ಕೆ ನಿಮ್ಮ ಬಹುಮಾನದ ಗಿಡಕ್ಕೇ ಕಟ್ಟಿದ್ದೇನೆ. ಅದೂ ಬಾಡುತ್ತಿದೆ, ನಿಮ್ಮ ಪರದೆಯಲ್ಲಿ ಹೇಗೆ ಕಾಣುತ್ತಿದೆಯೋ ತಿಳಿಯದು.

ಈಗ ಸಂಜೆ ಹೊತ್ತು ಮಗಳು ನನ್ನ ಪಕ್ಕ ಕೂತು, ಮಣಿಕಟ್ಟು ಹಿಡಿದು ನಾಡಿ ನೋಡುತ್ತಾಳೆ. ನನ್ನದು ನಿಧಾನ ಇದೆ ಎನ್ನುತ್ತಾಳೆ. ಹೋದ ಹಾಗೇ ವಾಪಸು ಬಂದ ಊಟದ ಡಬ್ಬಿ ಅವಳ ಪಕ್ಕದಲ್ಲಿರುತ್ತದೆ. ನಾನು ನೋಡುತ್ತಿರುತ್ತೇನೆ.

ಇಂತಿ,
ತಮ್ಮ ಸಂಸ್ಥೆಯ ಅತ್ಯಂತ ಶಾಂತ ಉದ್ಯೋಗಿ
(ನೇಮಕಾತಿ ಇಲ್ಲದ, ಸದ್ಯಕ್ಕೆ ಉಸಿರಾಡುತ್ತಿರುವ)