ದೊಡ್ಡಪ್ಪನ ಮೋಟಾರ್

ಬುಕ್ಕಾಂಬುಧಿ, ಆಗಸ್ಟ್ ೧೪, ಗುರುವಾರ ರಾತ್ರಿ

ದೊಡ್ಡಪ್ಪನ ಮೋಟಾರ್ ಇನ್ನೂ ಶುರುವಾಗಿಲ್ಲ. ಅದೇ ತಲೆ ಕೊರೆಯುತ್ತಿದೆ.

ಸಂಜೆ ಹಳೇ ಕಂಪ್ಯೂಟರಿಗೆ ಪತ್ತೇದಾರಿ ಆಟದ ಸಿ.ಡಿ. ಹಾಕಿದ್ದೆ. ಇನ್‌ಸ್ಟಾಲ್ ಮುಗಿಯುವ ಹೊತ್ತಿಗೆ ಸರಿಯಾಗಿ ಪಕ್ಕದ ಹೊಲದಲ್ಲಿ ಅವರು ಮೋಟಾರ್ ಹಾಕುವುದು, ವೋಲ್ಟೇಜ್ ಬಿದ್ದು ಕಂಪ್ಯೂಟರ್ ಆರಿಹೋಗುವುದು. ಮೂರನೇ ಸಲ ರೇಗಿಹೋಯಿತು. ಬೇಲಿ ಜಗಳವಾದಾಗಿನಿಂದ ಮಾತು ಬಿಟ್ಟಿದ್ದವನು ಬೇಲಿಗೇ ಹೋಗಿ ಕೂಗಿದೆ: “ಬೇಕಂತ್ಲೇ ಮಾಡ್ತಿದೀಯ ದೊಡ್ಡಪ್ಪ!”

“ಲೇ ರವಿ, ನಿನ್ನ ಆಟಕ್ಕೆ ನನ್ನ ಈರುಳ್ಳಿ ಒಣಗ್ಬೇಕೇನೋ?”

ಬಂದು ಮತ್ತೆ ಹಾಕಿದೆ. ಈ ಸಲ ದೀಪ ಮಂಕಾಗಲಿಲ್ಲ, ಆಟ ಶುರುವಾಯಿತು. ಬೀಗ ಹಾಕಿದ ಕೋಣೆ. ಗಡಿಯಾರ, ಹೂಜಿ, ಗೋಡೆಯ ಪಟ, ಕಂಡಕಂಡದ್ದರ ಮೇಲೆಲ್ಲ ಮೌಸ್ ಒತ್ತಿದೆ. ಕೀಲಿ ಸಿಗಲಿಲ್ಲ. ಸಿಟ್ಟಿನಲ್ಲಿ ಏನೂ ಹೊಳೆಯಲಿಲ್ಲ. ಊಟಕ್ಕೆ ಮುಂಚೆಯೇ ಆರಿಸಿಬಿಟ್ಟೆ.

ಈಗ ಹೊಳೆಯುತ್ತಿದೆ. ಹೊಲದ ಪಂಪಿಗೆ ಕರೆಂಟು ಬಿಡುವ ಹೊತ್ತು ಇನ್ನೇನು ಮುಗಿಯುತ್ತದೆ. ಕಿಟಕಿಯಿಂದ ನೋಡಿದರೆ ಮೋಟಾರ್ ಮನೆಯ ಮುಂದೆ ಅವರ ಬೀಡಿಯ ಕಿಡಿ. ನನ್ನ ಆಟ ಮುಗಿಯಲಿ ಎಂದು ಕಾಯುತ್ತಿದ್ದಾರೆ.

“ಮುಗೀತು, ಹಾಕ್ಕೋ” ಅಂದರೆ ಸಾಕು. ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಸಂಜೆ ಅಷ್ಟು ಜೋರಾಗಿ ಕೂಗಿದವನು ಈಗ ಯಾವ ಮುಖ ಇಟ್ಟುಕೊಂಡು—

ಕಿಡಿ ಆರಿತು. ಎದ್ದು ಹೊರಟರೇನೋ. ಚಪ್ಪಲಿ ಕಾಲಲ್ಲೇ ಇದೆ.