ಒಂಬತ್ತನೇ ದಿನದ ಹನ್ನೊಂದು ನಿಮಿಷ

ಚನ್ನಪಟ್ಟಣ, ಎರಡು ಸಾವಿರದ ನೂರ ತೊಂಬತ್ತೆರಡು, ಎರಡನೇ ಬೇಸಿಗೆಯ ನಲವತ್ತೊಂದನೇ ದಿನ.

ಪೂಜ್ಯ ವೀರಭದ್ರಾಚಾರ್ ತಾತನವರಿಗೆ, ನಿಮ್ಮ ಮಗಳು ಕಮಲಾಕ್ಷಿಯವರ ವಂಶದಲ್ಲಿ ಆರನೆಯ ತಲೆಮಾರಿನವಳಾದ ತೇಜಾಕ್ಷಿಯ ನಮಸ್ಕಾರಗಳು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ವರ್ಷಕ್ಕೆರಡು ಬೇಸಿಗೆ ಕಾಣುವವರ ಕನ್ನಡ ಇದು. ಇದಕ್ಕೆ ಹಿಂದೋಲೆ ಎನ್ನುತ್ತಾರೆ, ಹಿಂದಿನ ಕಾಲಕ್ಕೆ ಹೋಗುವ ಕಾಗದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ, ಓಲೆ ಕಚೇರಿಯಲ್ಲೇ ಕೂತು ಬರೆಯಬೇಕು. ಬರೆದ ಅಕ್ಷರ ಬರೆದ ಹಾಗೆಯೇ ಹೊರಟುಬಿಡುತ್ತದೆ, ಅಳಿಸಲಾಗದು. ನಿಮ್ಮ ಮೊಬೈಲಿನಲ್ಲಿ ಮೂಡುತ್ತಿದೆ ಎಂದುಕೊಂಡಿದ್ದೇನೆ.

ಅಜ್ಜಿ ತೀರಿಕೊಂಡ ಐದನೇ ದಿನ ನೀವು ಟಿ.ವಿ. ಕನೆಕ್ಷನ್ ರದ್ದು ಮಾಡಿಸಿದಿರಿ. ನೋಡುತ್ತಿದ್ದವರು ಅವರೊಬ್ಬರೇ ತಾನೆ. ಬಾಕ್ಸ್ ಮಾತ್ರ ಕಂಪನಿಗೆ ವಾಪಸ್ ಕೊಡಲಿಲ್ಲ. ಸೂತಕದ ಮನೆಯಿಂದ ವಸ್ತು ಆಚೆ ಹೋಗಬಾರದು, ಹದಿಮೂರು ಕಳೆಯಲಿ ಎಂದಿರಿ. ವೈರನ್ನೂ ಕೀಳಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಹತ್ತಕ್ಕೆ ಆ ಟಿ.ವಿ. ಹನ್ನೊಂದು ನಿಮಿಷ ಓಡಿದೆ ಎಂದು ಕಂಪನಿಯ ದಾಖಲೆ ಹೇಳುತ್ತದೆ. ರದ್ದಾದ ಮೇಲೂ ನೋಡಿದ್ದರಿಂದ ಕರಾರು ತಾನಾಗಿ ಮುಂದುವರಿಯಿತಂತೆ, ಬಾಕಿ ಇವತ್ತಿಗೂ ನಮ್ಮ ಮನೆತನದ ತಲೆಯ ಮೇಲೆ ಬೆಳೆಯುತ್ತಲೇ ಇದೆ! ಈಗ ನಿಲ್ಲಿಸಬೇಕೆಂದರೆ ಸಹಿ ಹಾಕಿದವರೇ ಬರಬೇಕಂತೆ. ನೀವು ಹೋಗಿ ಒಂದೂವರೆ ಶತಮಾನವಾಯಿತು ಮಹರಾಯರೇ ಎಂದರೆ, ಹಾಗಾದರೆ ಅವರಿಂದ ಒಂದು ಪತ್ರ ತನ್ನಿ ಎಂದರು. ಹಾಳಾಗಿ ಹೋಗಲಿ ಅವರ ಮನೆ.

ನಮ್ಮಮ್ಮ ಆ ಕಂಪನಿಯ ಕಚೇರಿಗೆ ಅಲೆದು ಅಲೆದೇ ಸತ್ತಳು. ನಾನು ಹತ್ತೊಂಬತ್ತು ವರ್ಷದಿಂದ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಅದೇ ಸಾಲಿನಲ್ಲಿ ನಿಲ್ಲುತ್ತಿದ್ದೇನೆ. ಊರ ಕೆಳಗೆ ನೆಲ ಬಗೆದು ಕಟ್ಟಿದ ತಂಪುಕೇರಿ ಇದೆ, ಬೇಸಿಗೆಯಲ್ಲಿ ಜನ ಬದುಕುವುದು ಅಲ್ಲಿ. ಬಾಕಿ ಇರುವ ಮನೆತನಕ್ಕೆ ಅಲ್ಲಿ ಕೋಣೆ ಕೊಡುವುದಿಲ್ಲ. ನನ್ನ ಮಗಳು ಹನಿಗೆ ಏಳು ವರ್ಷ, ಎದೆ ಬಲವಿಲ್ಲ. ಮನೆಯಲ್ಲಿ ನೆನೆಸಿದ ಗೋಣಿತಾಟಿನ ಮೇಲೆ ಮಲಗಿಸಿ ಬಂದಿದ್ದೇನೆ, ಅರ್ಧ ಗಂಟೆಗೆ ಒಣಗುತ್ತದೆ. ಈ ಬೇಸಿಗೆಯನ್ನು ಅವಳು ಕಳೆಯುವುದಿಲ್ಲ ಎಂದು ವೈದ್ಯರು ಮುಖಕ್ಕೇ ಹೇಳಿದರು.

ಅದಕ್ಕೇ ಆ ಒಂಬತ್ತನೇ ದಿನದ ಬೆಳಿಗ್ಗೆಗೇ ಗುರಿಯಿಟ್ಟು ಬರೆಯುತ್ತಿದ್ದೇನೆ. ಎದ್ದು ಹೋಗಿ ಆ ವೈರ್ ಕಿತ್ತುಬಿಡಿ. ಕೋಪದಿಂದ ಕೇಳುತ್ತೇನೆ, ಯಾಕೆ ಹಾಕಿದಿರಿ? ಕಮಲಾಕ್ಷಿಯವರು ಹಿತ್ತಿಲಿನಿಂದ ಬರುವಷ್ಟರಲ್ಲಿ ಪರದೆ ಆರುತ್ತಿತ್ತಂತೆ, ನೀವು ಎದುರಿಗೇ ಕೂತಿದ್ದಿರಂತೆ. ಅಮ್ಮನ ಸೂತಕದಲ್ಲೂ ಟಿ.ವಿ. ಬೇಕಾಯ್ತಾ ನಿಮಗೆ ಎಂದು ಅತ್ತವರು, ಹದಿಮೂರು ಮುಗಿಸಿ ಹೋದ ಮೇಲೆ ಆ ಹೊಸಿಲು ತುಳಿಯಲಿಲ್ಲ. ನಾನು ಹಾಕ್ಲಿಲ್ಲ ಕಣವ್ವ, ತಾನೇ ಹತ್ಕೊಳ್ತು ಎಂದು ನೀವು ದೀಪ ಮುಟ್ಟಿ ಹೇಳಿದ್ದನ್ನು ನಮ್ಮ ಮನೆಯಲ್ಲಿ ಆರು ತಲೆಮಾರು ಆಡಿಕೊಂಡು ನಕ್ಕಿದ್ದೇವೆ. ನಾನೂ ನಕ್ಕಿದ್ದೇನೆ.

ತಾಳಿ. ಓಲೆ ಕಚೇರಿಯ ಗುಮಾಸ್ತೆ ಏನೋ ಹೇಳುತ್ತಿದ್ದಾಳೆ. ಇದು ಮೊಬೈಲಿಗೆ ಹೋಗುವುದಿಲ್ಲವಂತೆ. ಮನೆಯ ದೊಡ್ಡ ಪರದೆಗೇ ಹೋಗುವುದಂತೆ, ಆರಿಸಿಟ್ಟಿದ್ದರೂ ತಾನೇ ಹೊತ್ತಿಕೊಳ್ಳುತ್ತದಂತೆ.

ಬರೆಯಲು ಕೂತು ಹತ್ತು ನಿಮಿಷವಾಯಿತು.

ಅಯ್ಯೋ ತಾತ, ನೀವು ಹಾಕಿರಲಿಲ್ಲ. ನಾನೇ. ಹನಿಯ ಕೋಣೆಯನ್ನು ನಾನೇ ಕಳೆದೆ. ನನ್ನನ್ನು ಕ್ಷಮಿಸಬೇಡಿ. ಇನ್ನೊಂದು ನಿಮಿಷವಿದೆ. ಕಮಲಾಕ್ಷಿಯವರು ಹಿತ್ತಿಲಲ್ಲಿದ್ದಾರೆ, ಕೂಗಿ ಕರೆಯಿರಿ, ಇದನ್ನು ತೋರಿಸಿ. ಅವರು ಬರುವಷ್ಟರಲ್ಲಿ ಆರುತ್ತದೆ ಎಂದು ನನಗೆ ಗೊತ್ತು. ಆದರೂ ಕೂಗಿ ತಾತ, ಜೋರಾಗಿ ಕೂಗಿ.